ಬಿಂಗ್ ಮಾಮನ ಕೈಗಳು

ಸಿಟ್ ಕಾಮ್‌ವಿಂಗನ ಎರಡು ಕೈಗಳನ್ನು ನೋಡದ ಮನೆ ಹಾಂಗ್‌ಕಾಂಗಿನಲ್ಲಿ ಇರಲಿಲ್ಲವೆಂದರೂ ಸರಿಯೆ. ಅವು ಅವನವೆಂದು ಬಲ್ಲವರು ಮಾತ್ರ ಹತ್ತು ಮಂದಿಯೂ ಇರಲಿಲ್ಲ.

ಇಪ್ಪತ್ತೆಂಟು ವರ್ಷ ಅವನು ಯಾವ್ ಮಾ ತೇ ಬಡಾವಣೆಯ ಒಂದು ಹೋಟೆಲಿನಲ್ಲಿ ಬಾಣಲೆಯ ಮುಂದೆ ನಿಂತವನು. ಕಟ್ಟಡ ಕೆಡವುವ ಕಾಲ ಬಂದು ಹೋಟೆಲು ಮುಚ್ಚಿತು. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಲೋ ಎಂಬಾಕೆ ಟೀವಿಯಲ್ಲಿ ನಿರ್ಮಾಪಕಿ. ಹೊಸದೊಂದು ಹಾಸ್ಯ ಧಾರಾವಾಹಿ ಮಾಡುತ್ತಿದ್ದೇನೆ, ಬಾ ಎಂದಳು. ಒಂದು ಮನೆ, ಮೂರು ತಲೆಮಾರು, ಒಂದು ದುಂಡು ಮೇಜು. ಏನೇ ರಂಪವಾದರೂ ಕೊನೆಗೆ ಎಲ್ಲರೂ ಊಟಕ್ಕೆ ಕೂರಲೇಬೇಕು. ಮನೆಯ ಯಜಮಾನ ಬಿಂಗ್ ಮಾಮ ಭಾರೀ ಅಡುಗೆಯವನು. ಆ ಪಾತ್ರ ಕಟ್ಟಿದ ಹುಯಿ ಎಂಬ ನಟನಿಗೆ ನಗಿಸಲು ಬರುತ್ತಿತ್ತು, ಶುಂಠಿ ಹೆಚ್ಚಲು ಬರುತ್ತಿರಲಿಲ್ಲ. ಕ್ಯಾಮೆರಾ ಅವನ ಮುಖದಿಂದ ಕೆಳಗಿಳಿಯುವ ಹೊತ್ತಿಗೆ ಹುಯಿ ಪಕ್ಕಕ್ಕೆ ಸರಿಯುತ್ತಿದ್ದ. ಅಂಥದೇ ಅಂಗಿ ತೊಟ್ಟ ಕಾಮ್‌ವಿಂಗ್ ಬಂದು ನಿಂತು ಮೀನು ಸೀಳುತ್ತಿದ್ದ, ಹಿಟ್ಟು ನಾದುತ್ತಿದ್ದ, ಬಾತುಕೋಳಿಯನ್ನು ಮೂಳೆ ಒಡೆಯದಂತೆ ತುಂಡರಿಸುತ್ತಿದ್ದ.

ಕರಾರಿನಲ್ಲಿ ಮೂರು ಮಾತುಗಳಿದ್ದವು. ಕೈ ತನ್ನದೆಂದು ಯಾರಿಗೂ ಹೇಳಬಾರದು. ಬೇರೆ ಯಾವ ಅಡುಗೆಮನೆಯಲ್ಲೂ ಕೆಲಸ ಹಿಡಿಯಬಾರದು. ಕೈಯ ಮೇಲೆ ಹೊಸ ಗಾಯ, ಬೊಬ್ಬೆ, ಕಲೆ ಯಾವುದೂ ಬೀಳಬಾರದು. ಒಂದು ವರ್ಷದ ಮಾತು ತಾನೆ ಎಂದು ಕಾಮ್‌ವಿಂಗ್ ಸಹಿ ಹಾಕಿದ. ಧಾರಾವಾಹಿ ಜನರಿಗೆ ಹಿಡಿಸಿತು. ಒಂದು ಎರಡಾಯಿತು, ಎರಡು ಆರಾಯಿತು. ಪ್ರತಿ ಸಲವೂ ಲೋ ಕಾಗದ ಮುಂದಿಡುತ್ತಿದ್ದಳು. ಐವತ್ತು ದಾಟಿದವನಿಗೆ ಹೊಸದಾಗಿ ಕೆಲಸ ಕೊಡುವವರು ಯಾರು ಎಂದು ಇವನು ಸಹಿ ಹಾಕುತ್ತಿದ್ದ.

ಮನೆಯಲ್ಲಿ ಹೆಂಡತಿ ಸೌಕ್ವಾನ್ ಅವನನ್ನು ಒಲೆಯ ಬಳಿ ಸುಳಿಯಲು ಬಿಡುತ್ತಿರಲಿಲ್ಲ. ಸಿಡಿಯುವ ಎಣ್ಣೆಗೆ ಕರಾರು ಗೊತ್ತಾಗುತ್ತದೆಯೆ ಎನ್ನುತ್ತಿದ್ದಳು. ಅವಳು ಬೇಯಿಸಿದ ಮೀನು ಎರಡು ನಿಮಿಷ ಹೆಚ್ಚೇ ಬೆಂದಿರುತ್ತಿತ್ತು. ಇವನು ಬಾಯಿ ಮುಚ್ಚಿ ತಿನ್ನುತ್ತಿದ್ದ. ಸ್ಟುಡಿಯೋದಲ್ಲೂ ಸುಖವಿರಲಿಲ್ಲ. ಕ್ಯಾಮೆರಾಕ್ಕೆ ಹೊಗೆ ಆಗದೆಂದು ಉರಿ ಸದಾ ಸಣ್ಣದು. ಮಾಡಿದ್ದು ಹೊಳೆಯಲೆಂದು ಮೇಲೆ ಎಣ್ಣೆ ಸವರಿ ದೀಪದಡಿ ಗಂಟೆಗಟ್ಟಲೆ ಇಟ್ಟು ಆಮೇಲೆ ಚೆಲ್ಲುತ್ತಿದ್ದರು. ಆರು ವರ್ಷದಲ್ಲಿ ಅವನ ಅಡುಗೆಯನ್ನು ಹಸಿದು ಉಂಡವರು ಒಬ್ಬರೂ ಇಲ್ಲ.

ಹಳೆಯ ಹೋಟೆಲಿನ ಜೊತೆಗಾರ ತುಂಗ್, ಶಾಮ್ ಶೂಯಿ ಪೋ ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಸಣ್ಣ ಅಂಗಡಿ ತೆರೆದಿದ್ದ. ದೊಡ್ಡ ಒಲೆಯನ್ನು ನಿನಗೇ ಇಟ್ಟಿದ್ದೇನೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದ. ಕಾಮ್‌ವಿಂಗ್ ಟೀವಿಯವರ ಸಾಮಾನು ಕೋಣೆಯಲ್ಲಿ ಕೆಲಸಕ್ಕಿದ್ದಾನೆ ಎಂದೇ ಅವನ ನಂಬಿಕೆ, ಊರಿನವರ ನಂಬಿಕೆಯೂ ಅದೇ.

"ಏನಯ್ಯ, ಕೈಗೆ ಗವಸು ಹಾಕ್ಕೊಂಡು ಬಸ್ಸಲ್ಲಿ ಓಡಾಡ್ತೀಯಂತೆ? ಯಾವ ಮಹಾರಾಣಿ ಕೆಲಸನಯ್ಯ ಅದು?" ಎಂದು ಒಮ್ಮೆ ಎಲ್ಲರೆದುರೇ ಕೇಳಿದ.

ಚರ್ಮದ ಕಾಯಿಲೆ ಎಂದು ಕಾಮ್‌ವಿಂಗ್ ಸುಳ್ಳು ಹೇಳಿದ.

ಎಲ್ಲಕ್ಕಿಂತ ಕಷ್ಟವಾಗಿದ್ದು ತಾಯಿಯ ಮುಂದೆ. ಎಂಬತ್ತನಾಲ್ಕರ ಮುದುಕಿ ವೊಂಗ್ ತಾಯ್ ಸಿನ್‌ನ ವೃದ್ಧಾಶ್ರಮದಲ್ಲಿದ್ದಳು. ಸಂಜೆ ಹಳೆಯ ಕಂತುಗಳ ಮರುಪ್ರಸಾರದ ಹೊತ್ತಿಗೆ ಅಲ್ಲಿನ ಹೆಂಗಸರೆಲ್ಲ ಕುರ್ಚಿ ಎಳೆದುಕೊಂಡು ಟೀವಿ ಮುಂದೆ ಕೂರುತ್ತಿದ್ದರು. ಮಗ ಬಂದರೆ ಅವಳ ಮಾತು ಒಂದೇ: "ನೋಡೋ ಆ ಬಿಂಗ್ ಮಾಮನ್ನ. ನಾಟಕದೋನು, ಆದ್ರೂ ಕೈ ನೋಡು ಹೆಂಗೆ ಓಡ್ತದೆ. ನೀನು ಹುಟ್ಟಾ ಅಡುಗೆಯೋನು, ನಂಗೆ ಅಂಗಡಿ ಡಬ್ಬಿ ಊಟ ತಂದುಕೊಡ್ತೀಯ."

ಉಗುಳುವಂತಿಲ್ಲ, ನುಂಗುವಂತಿಲ್ಲ. ಆರು ವರ್ಷ ಆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನು ಒಂದು ಸಂಜೆ ತಡೆಯಲಾರದೆ ಅವಳ ಕಿವಿಯ ಬಳಿ ಬಾಗಿದ.

"ಅಮ್ಮ, ಅದು ನನ್ನ ಕೈ ಕಣಮ್ಮ."

ಮುದುಕಿ ಪರದೆ ನೋಡಿದಳು, ಅವನ ಮುಖ ನೋಡಿದಳು. ಕೈ ನೋಡಲಿಲ್ಲ. ಆಮೇಲೆ ಮೆಲ್ಲಗೆ ಅವನ ಮೊಣಕಾಲು ತಟ್ಟಿದಳು.

"ಇರ್ಲಿ ಬಿಡಪ್ಪ. ಸಾಮಾನು ಕೋಣೆ ಕೆಲಸಾನೂ ಕೆಲಸವೇ. ನಾಚ್ಕೋಬೇಡ." ಮತ್ತೆ ಪರದೆಯ ಕಡೆ ತಿರುಗಿ, "ಅಲ್ಲೇ ಇರ್ತೀಯಲ್ಲ, ಆತನ ಒಂದು ರುಜು ತಂದುಕೊಡು," ಎಂದಳು.

ಹುಯಿ ಒಳ್ಳೆಯವನು. ಮುದುಕಿಯ ಹೆಸರು ಕೇಳಿ, ತನ್ನ ಫೋಟೋದ ಮೇಲೆ ಹೊಟ್ಟೆ ತುಂಬ ಉಣ್ಣಿ ತಾಯಿ ಎಂದು ಬರೆದುಕೊಟ್ಟ. ಅವಳು ಅದನ್ನು ಹಾಸಿಗೆಯ ತಲೆದೆಸೆಗೆ ಅಂಟಿಸಿಕೊಂಡಳು.

ಅದಾದ ಭಾನುವಾರ ಮಧ್ಯಾಹ್ನ ಕಾಮ್‌ವಿಂಗ್ ನೇರ ತುಂಗನ ಅಂಗಡಿಗೆ ಹೋಗಿ ಗವಸು ಕಳಚಿದ. ಯಾರಿಗೂ ಏನೂ ಹೇಳದೆ ಉರಿಯನ್ನು ಪೂರ್ತಿ ಎತ್ತಿದ. ದನದ ಮಾಂಸ, ಅಗಲ ಅಕ್ಕಿ ಶ್ಯಾವಿಗೆ, ಮೊಳಕೆ. ಬಾಣಲೆ ಮೇಲಕ್ಕೆ ಹಾರಿ ಬೆಂಕಿ ಅದರೊಳಕ್ಕೆ ಇಳಿಯಿತು. ಹನ್ನೊಂದು ತಟ್ಟೆ ಹೋದವು. ಖಾಲಿಯಾಗಿ ಬಂದ ತಟ್ಟೆಗಳನ್ನು ಅವನು ಬಗ್ಗಿ ನೋಡುತ್ತಿದ್ದ. ಹನ್ನೆರಡನೆಯದರಲ್ಲಿ ಎಣ್ಣೆ ಸಿಡಿದು ಎಡಗೈ ಹೆಬ್ಬೆರಳ ಬುಡದಲ್ಲಿ ಗೋಲಿಯಷ್ಟು ಬೊಬ್ಬೆ ಎದ್ದಿತು. ಉರಿಯುತ್ತಿತ್ತು, ಅವನು ತಣ್ಣೀರಿಗೂ ಹಿಡಿಯಲಿಲ್ಲ. ಇನ್ನು ಬಿಡುಗಡೆ ಎಂದುಕೊಂಡ.

ಮರುದಿನ ಕೈ ಚಾಚಿ ಲೋ ಮುಂದೆ ನಿಂತ. ಅವಳು ಬೈಯಲಿಲ್ಲ.

"ಪಾಪ, ನೋವಾಯ್ತಾ ಸಿಫು?" ಎಂದು ಗುರುಗಳನ್ನು ಕರೆಯುವಂತೆ ಮರ್ಯಾದೆಯಿಂದಲೇ ಕೇಳಿದಳು. "ಏನೂ ಯೋಚನೆ ಮಾಡ್ಬೇಡಿ. ಆರು ವರ್ಷದ ಕೈ ನಮ್ಮ ಹತ್ರ ತೆಗೆದಿಟ್ಟಿದೀವಿ. ಹೆಚ್ಚೋದು, ಹುರಿಯೋದು, ಎಲ್ಲಾನೂ. ಅದನ್ನೇ ಜೋಡಿಸ್ತೀವಿ. ನೀವು ಮನೇಲಿರಿ, ಸಂಬಳ ಬರುತ್ತೆ."

ಹಾಗಾದರೆ ತನ್ನನ್ನು ಬಿಟ್ಟುಬಿಡಿ ಎಂದು ಅವನು ಕೇಳಿದ. ಲೋ ಕಡತ ತೆರೆದು, ಅವನು ಕೊನೆಯ ಸಲ ಸಹಿ ಹಾಕಿದ ಕರಾರು ಮುಗಿಯುವ ತಾರೀಕು ತೋರಿಸಿದಳು. ಇನ್ನೂ ಎರಡು ವರ್ಷ ಬೇರೆ ಒಲೆ ಮುಟ್ಟುವಂತಿಲ್ಲ. ಮುಟ್ಟಿದರೆ ವಕೀಲರು ಬರುತ್ತಾರೆ. ಅವಳ ದನಿಯಲ್ಲಿ ಬೆದರಿಕೆಯಿರಲಿಲ್ಲ. ಚಹಾ ತರಿಸಿಕೊಟ್ಟಳು.

ತುಂಗ್ ಎರಡು ವಾರ ಕಾದ. ಮೂರನೆಯ ವಾರ ಶುನ್‌ತಕ್ ಕಡೆಯಿಂದ ಬಂದ ಹೆಂಗಸೊಬ್ಬಳನ್ನು ದೊಡ್ಡ ಒಲೆಗೆ ಇಟ್ಟುಕೊಂಡ. ಕಾಮ್‌ವಿಂಗ್ ಒಂದು ದಿನ ಗಿರಾಕಿಯಾಗಿ ಹೋಗಿ ಅವಳ ಕೈಯ ಶ್ಯಾವಿಗೆ ತಿಂದ. ಸೋಯಾ ಒಂದು ಹನಿ ಮುಂದಾಗಿತ್ತು. ಉರಿ ಮಾತ್ರ ಸರಿಯಾಗಿ ಬಿದ್ದಿತ್ತು. ಹೇಗಿದೆ ಎಂದು ತುಂಗ್ ಕೇಳಿದಾಗ ಚೆನ್ನಾಗಿದೆ ಎಂದ, ನಿಜವನ್ನೇ ಹೇಳಿದ್ದ.

ಈಗ ಹೊತ್ತು ಹೋಗದಿರುವುದರಿಂದ ದಿನಾ ಸಂಜೆ ವೃದ್ಧಾಶ್ರಮಕ್ಕೆ ಹೋಗುತ್ತಾನೆ. ಮೊನ್ನೆ ಪರದೆಯ ಮೇಲೆ ಬಿಂಗ್ ಮಾಮ ಸೋರೆಕಾಯಿ ಕೆತ್ತುತ್ತಿದ್ದ. ಅದು ಯಾವ ವರ್ಷ ಕೆತ್ತಿದ್ದು, ಆ ದಿನ ಮಳೆಯಿತ್ತೇ ಬಿಸಿಲಿತ್ತೇ ಎಂದು ಕಾಮ್‌ವಿಂಗ್ ಎಷ್ಟು ನೆನೆದರೂ ಹೊಳೆಯಲಿಲ್ಲ. ಏನೋ ಹೇಳಲು ಬಾಯಿ ತೆರೆದರೆ ತಾಯಿ ಸುಮ್ಮನಿರೆಂದು ಕೈ ಎತ್ತಿದಳು. ಅವನು ತಂದಿದ್ದ ಕಿತ್ತಳೆಯನ್ನು ಸುಲಿದು, ನಾರು ಬಿಡಿಸಿ, ಒಂದೊಂದೇ ತೊಳೆ ಅವಳ ಅಂಗೈಗೆ ಇಡುತ್ತ ಹೋದ. ಅವಳು ಟೀವಿಯಿಂದ ಕಣ್ಣು ತೆಗೆಯದೆ ತಿಂದಳು.