ಫಾಕ್ಸ್‌ಪ್ರೋ ಅಕ್ಕೋರು

ಕೀಬೋರ್ಡಿನ ಮುಂದೆ ಕೂತೊಡನೆ ಅಕ್ಕೋರು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ, ಅಲ್ಲೇ ಬಿಗಿಯಾಗಿ ನಿಲ್ಲುವಂತೆ ಒತ್ತುತ್ತಿದ್ದರು. ಕೆಲಸ ಮುಗಿಸಿ ಎದ್ದಾಗ ತೋಳಿನ ಮೇಲೆ ಕೆಂಪು ಗೆರೆಗಳು ಮೂಡಿರುತ್ತಿದ್ದವು. "ಬಳೆ ಸಪ್ಪಳ ಆದ್ರೆ ನಂಗೆ ತಪ್ಪು ಕಾಣೂದಿಲ್ಲ" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಅಂಕೋಲೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ; ಸುಮ್ಮನಿರುವ ಬದಲು ಏನಾದರೂ ಕಲಿಯೋಣವೆಂದು ಹೋದೆ. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ; ಇವರು ಕಲಿಸುತ್ತಿದ್ದದ್ದು ಫಾಕ್ಸ್‌ಪ್ರೋ. ಹೆಸರು, ಊರು, ವಯಸ್ಸು ಇಂಥ ಮಾಹಿತಿಯನ್ನು ಸಾಲುಸಾಲಾಗಿ ಇಟ್ಟು, ಕೇಳಿದಾಗ ತೆಗೆದುಕೊಡುವ ಪ್ರೋಗ್ರಾಮ್‌ಗಳನ್ನು ಅದರಲ್ಲಿ ಬರೆಯುತ್ತಾರೆ. ಆ ಹೊತ್ತಿಗಾಗಲೇ ಅದು ಹಳೆಯ ಭಾಷೆ. ಮೊದಲ ದಿನ ನಮ್ಮೆಲ್ಲರ ಹೆಸರನ್ನು ಅದರೊಳಗೆ ಬರೆದರು. ಆಮೇಲೆ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಅಳಿಸಿದರು. ಪರದೆ ಖಾಲಿ. ನಮ್ಮ ಮುಖ ನೋಡಿ ನಕ್ಕು, ರೀಕಾಲ್ ಆಲ್ ಎಂದು ಟೈಪ್ ಮಾಡಿದರು. ಹೆಸರುಗಳೆಲ್ಲ ಮತ್ತೆ ಬಂದವು. "ಇದು ಯಾರನ್ನೂ ಒಂದೇ ಸಲಕ್ಕೆ ಬಿಟ್ಕೊಡೂದಿಲ್ಲ" ಎಂದರು. ತಾವೇ ಕಟ್ಟಿದ ಭಾಷೆಯೇನೋ ಎಂಬಂಥ ಹೆಮ್ಮೆ ಆ ಮಾತಿನಲ್ಲಿ.

ಮುಂದಿನ ವರ್ಷ ಕ್ಲಾಸಿನ ಬೋರ್ಡಿನಿಂದ ಫಾಕ್ಸ್‌ಪ್ರೋ ಎಂಬ ಹೆಸರನ್ನು ಅಳಿಸಿ ಬೇರೇನೋ ಬರೆಸಿದರು. ಅಕ್ಕೋರು ಹೊಸದನ್ನು ಕಲಿಸಲು ಒಪ್ಪಲಿಲ್ಲ. ಕಾರವಾರದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಅವರಿಗೆ ಆಗಲೇ ಕೆಲಸವಿತ್ತು. "ತಂಗಿ, ನನ್ ಸಂಗಡ ಕಾರವಾರಕ್ಕೆ ಬತ್ಯಾ? ಕೌಂಟರಿಗೆ ಜನ ಬೇಕಂತೆ" ಎಂದು ಕೇಳಿದರು. ಹೋದೆ. ಇವತ್ತಿಗೂ ಅಲ್ಲೇ ಇದ್ದೇನೆ.

ಆಸ್ಪತ್ರೆಯ ರೋಗಿಗಳೆಲ್ಲರ ವಿವರ ಅವರೇ ಬರೆದ ಪ್ರೋಗ್ರಾಮಿನಲ್ಲಿತ್ತು. ಯಾರಿಗಾದರೂ ಯಾವುದಾದರೂ ಔಷಧ ಆಗಿಬರದಿದ್ದರೆ, ಹೆಸರು ತೆರೆದೊಡನೆ ನೀಲಿ ಪರದೆಯ ಕೆಳಗೆ ಒಂದು ಕೆಂಪು ಸಾಲು ಮಿಣುಕುತ್ತಿತ್ತು. ಒಮ್ಮೆ ಅಗಸೂರಿನ ಒಬ್ಬ ಅಜ್ಜಿಯನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಕರೆತಂದರು. ಜೊತೆಗೆ ಬಂದ ಪಕ್ಕದ ಮನೆಯವನಿಗೆ ಹೆಸರು ಬಿಟ್ಟು ಬೇರೇನೂ ತಿಳಿಯದು. ಹೆಸರು ತೆರೆದರೆ ಕೆಂಪು ಸಾಲು: ಪೆನಿಸಿಲಿನ್ ಕೊಡಬಾರದು. ನಾನು ಓಡಿಹೋಗಿ ಹೇಳಿದೆ. ನರ್ಸ್ ಸಿರಿಂಜ್ ಕೆಳಗಿಟ್ಟಳು. ಆ ದಿನ ಅಕ್ಕೋರು ಎಲ್ಲರಿಗೂ ಚಾ ತರಿಸಿದರು. ಅಜ್ಜಿ ಉಳಿದದ್ದಕ್ಕೋ, ಪ್ರೋಗ್ರಾಮ್ ಗೆದ್ದದ್ದಕ್ಕೋ, ಹೇಳುವುದು ಕಷ್ಟ.

ಸಿಡುಕಿನ ಹೆಂಗಸು. ತಮ್ಮ ಯಂತ್ರವನ್ನು ಬೇರೆಯವರು ಮುಟ್ಟಿದರೆ ಆಗುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಹಳೆಯ ಡಿಸ್ಕ್ ಸುಟ್ಟಾಗ, ಪ್ರೋಗ್ರಾಮನ್ನು ಬರೆದಿದ್ದ ಮೂಲಪ್ರತಿ ಅದರ ಜೊತೆಗೇ ಹೋಯಿತು. ಇನ್ನೊಂದು ಯಂತ್ರದಲ್ಲಿ ಓಡುವ ಪ್ರೋಗ್ರಾಮ್ ಮಾತ್ರ ಉಳಿದಿತ್ತು. ಅದನ್ನು ಓಡಿಸಬಹುದು, ಒಳಗೆ ಹೇಗೆ ಕಟ್ಟಿದ್ದಾರೆಂದು ನೋಡಲಾಗದು. "ಮತ್ತೆ ಬರೆದಿಡಿ ಅಕ್ಕೋರೇ" ಎಂದೆ. "ಎಲ್ಲಾ ನನ್ ತಲೇಲಿ ಅದೆ. ನಾ ಎಲ್ಲ್ ಹೋಗ್ತೆ?" ಎಂದರು.

ಹೊಸ ವ್ಯವಸ್ಥೆ ಮಾರಲು ಹುಬ್ಬಳ್ಳಿಯಿಂದ ಒಬ್ಬ ತರುಣ ಇಂಜಿನಿಯರ್ ಬಂದ. ನೀಲಿ ಪರದೆ ನೋಡಿ, "ಇದಿನ್ನೂ ಜೀವಂತ ಐತೇನ್ರಿ ಮೇಡಂ? ಮ್ಯೂಸಿಯಮ್ಮಿಗೆ ಕೊಡ್ರಲ್ಲ" ಎಂದ.

"ನಿಮ್ಮಜ್ಜಿ ಇದ್ದಾರಾ?"

"ಅದಾರ್ರಿ."

"ಅವ್ರನ್ನೂ ಕೊಟ್ಟುಬಿಡೂದಾ ಮತ್ತೆ?"

ಕೌಂಟರಿನಲ್ಲಿದ್ದವರೆಲ್ಲ ನಕ್ಕೆವು. ಆದರೆ ಸಂಜೆ ಅಂಕೋಲೆಗೆ ಮರಳುವಾಗ, ಬಿಣಗಾದಲ್ಲಿ ಬಸ್ಸು ಲಾರಿಗಳ ಹಿಂದೆ ನಿಂತಿದ್ದಾಗ, ಅವರು ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದರು: "ಹುಡ್ಗ ಹೇಳದ್ದು ಸುಳ್ಳಲ್ಲ. ಇದ್ನ ಮಾಡ್ದವ್ರೇ ಕೈಬಿಟ್ಟು ಎಷ್ಟೋ ಕಾಲ ಆಯ್ತು. ನಾನೊಬ್ಳು ಹಿಡ್ಕಂಡು ಎಂತ ಮಾಡೂದು?"

ಹೊಸದನ್ನೇ ತರುವುದೆಂದು ಟ್ರಸ್ಟಿನವರು ತೀರ್ಮಾನಿಸಿದರು. ಅಕ್ಕೋರು ಜಗಳವಾಡಿದರು, ಮಾತು ಬಿಟ್ಟರು, ಕೊನೆಗೆ ಒಪ್ಪಿದರು. ಸೋಮವಾರದಿಂದ ಆ ಹುಡುಗನ ಜೊತೆ ಕೂತು, ಹಳೆಯದರ ಒಳಗೇನಿದೆ ಎಂದು ಎಲ್ಲವನ್ನೂ ಹೇಳಿಕೊಡುವುದೆಂದಾಯಿತು. ಭಾನುವಾರ ಮನೆಯಲ್ಲಿ ಮೀನು ಕೊಯ್ಯುತ್ತಿದ್ದಾಗ ಕುಸಿದುಬಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಹೋಯಿತು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: ಅದೇ.

ಅವರು ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನವಾದ ಮೇಲೆ ಹುಬ್ಬಳ್ಳಿಯ ಹುಡುಗನೂ ನಾನೂ ಹೋದೆವು. ಅವರ ಯಜಮಾನರು ದಿಂಬಿಟ್ಟು ಅವರನ್ನು ಕೂರಿಸಿದರು. "ಕೇಳಿ. ಅವ್ಳಿಗೂ ಹೇಳ್ಬೇಕು ಅಂತ ಅದೆ ಕಾಣ್ತದೆ" ಎಂದರು. ಹುಡುಗ ಲ್ಯಾಪ್‌ಟಾಪ್ ತೆರೆದು ಅವರ ಪ್ರೋಗ್ರಾಮನ್ನು ಓಡಿಸಿದ. ನೀಲಿ ಪರದೆ ಬಂದದ್ದೇ ಅಕ್ಕೋರ ಕಣ್ಣು ಅಗಲವಾಯಿತು. ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟರು. ಬೆರಳು ಒಂದು ಅಕ್ಷರದ ಮೇಲೆ ನಿಂತಿತು, ಇನ್ನೊಂದಕ್ಕೆ ಸರಿಯಿತು, ಹಿಂದಕ್ಕೆ ಬಂತು. "ಅದೇ... ಅದೇ..." ಎಂದರು.

"ಔಷಧದ ಮಾಹಿತಿ ಬ್ಯಾರೆ ಫೈಲಿನಾಗ ಐತೇನ್ರಿ ಮೇಡಂ?" ಎಂದು ಹುಡುಗ ಮೆಲ್ಲಗೆ ಕೇಳಿದ. ತಲೆಯಾಡಿಸಿದರು. "ಇದರಾಗ ಐತೇನ್ರಿ?" ಅದಕ್ಕೂ ತಲೆಯಾಡಿಸಿದರು. ಎರಡಕ್ಕೂ ಹೌದೆಂದದ್ದು ಅವರಿಗೇ ತಿಳಿದಿರಬೇಕು. ಪರದೆಯನ್ನು ಅಂಗೈಯಿಂದ ಬಡಿಯತೊಡಗಿದರು. ಹುಡುಗ ಆ ಕೈಯನ್ನು ಹಿಡಿದುಕೊಂಡ. "ಬಿಡ್ರಿ ಮೇಡಂ, ಇವತ್ತ ಬ್ಯಾಡ." ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನಗೆ ಹೇಳಿದ: "ಅವ್ರಿಗೆ ಎಲ್ಲಾ ಗೊತ್ತೈತ್ರಿ. ಹೊರಗ ಬರವಲ್ದು, ಅಷ್ಟ."

ಆಮೇಲೆ ನಾನೊಬ್ಬಳೇ ಹೋಗುತ್ತಿದ್ದೆ. ಒಮ್ಮೆ, ಸಮಾಧಾನವಾಗಲಿ ಎಂದು, "ಅಕ್ಕೋರೇ, ನಿಮ್ ಪ್ರೋಗ್ರಾಮ್ ಈಗ್ಲೂ ಚಲೋ ನಡೀತದೆ" ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ತಂದ ಮುಸಂಬಿಯನ್ನು ಅಲ್ಲಿಟ್ಟು ಎದ್ದು ಬಂದೆ. ಚೌತಿಗೆ ಮೊದಲು ಇನ್ನೊಂದು ಸಲ ಪಾರ್ಶ್ವವಾಯು ಬಡಿಯಿತು. ಆ ಸಲ ಉಳಿಯಲಿಲ್ಲ.

ಹೊಸ ವ್ಯವಸ್ಥೆ ಬಂದಿದೆ. ರೋಗಿಗಳ ಹೆಸರು, ಊರುಗಳನ್ನು ಹುಡುಗ ಹೇಗೋ ಅದಕ್ಕೆ ಸಾಗಿಸಿದ. ಔಷಧದ ಎಚ್ಚರಿಕೆಗಳು ಮಾತ್ರ ಬರಲಿಲ್ಲ. ಅಕ್ಕೋರು ಅವನ್ನು ತಮ್ಮದೇ ಯಾವುದೋ ರೀತಿಯಲ್ಲಿ ಜೋಡಿಸಿದ್ದರು. ಅದು ಅವರ ಪ್ರೋಗ್ರಾಮಿಗೆ ಮಾತ್ರ ಅರ್ಥವಾಗುತ್ತದೆ. ಹೀಗಾಗಿ ಹಳೆಯ ಕಂಪ್ಯೂಟರ್ ನನ್ನ ಮೇಜಿನ ಪಕ್ಕದಲ್ಲೇ ಉಳಿದಿದೆ. ಹಳೆಯ ರೋಗಿ ಬಂದರೆ ಅದರಲ್ಲಿ ಹೆಸರು ತೆರೆದು, ಕೆಂಪು ಸಾಲನ್ನು ಕಣ್ಣಾರೆ ಓದಿ, ಹೊಸದರಲ್ಲಿ ಟೈಪ್ ಮಾಡುತ್ತೇನೆ. ಬಾರದವರದ್ದು ಅಲ್ಲೇ ಇದೆ. ಹುಡುಕುವುದು, ತೆಗೆಯುವುದು, ಅಷ್ಟನ್ನು ಅವರು ನನಗೆ ಕಲಿಸಿದ್ದರು. ಕೆಟ್ಟರೆ ಸರಿಮಾಡುವ ವಿದ್ಯೆ ನನಗಿಲ್ಲ. ಈ ಊರಲ್ಲಿ ಬೇರೆ ಯಾರಿಗೂ ಇದ್ದಂತೆ ಕಾಣೆ.

ಕಳೆದ ವಾರ ಮಂಜಗುಣಿಯ ಒಬ್ಬರಿಗೆ ಕಾಲು ಸೀಳಿ ರಕ್ತ ಸುರಿಯುತ್ತಿತ್ತು. ಹೆಸರು ಒತ್ತಿದೆ. ಪರದೆ ಸುಮ್ಮನೆ ನೀಲಿಯಾಗಿ ನಿಂತುಬಿಟ್ಟಿತು. ಒಳಗಿನಿಂದ ಡಾಕ್ಟರು, "ಏನಾದ್ರೂ ಇದೆಯಾ?" ಎಂದು ಕೂಗಿದರು. "ನೋಡ್ತಾ ಇದ್ದೇನೆ" ಎಂದೆ. ಮತ್ತೆ ಕೂಗಿದರು. ಮತ್ತೆ ಅದನ್ನೇ ಹೇಳಿದೆ. ಒತ್ತಲು ಬೇರೆ ಕೀಲಿ ತಿಳಿಯದೆ ಕೈ ಮಡಿಲಲ್ಲಿಟ್ಟು ಕೂತೆ. ಆಮೇಲೆ ಹೆಸರು ತಾನಾಗಿಯೇ ಬಂತು, ಕೆಳಗೆ ಕೆಂಪು ಸಾಲು. ಓದಿ ಹೇಳಿದೆ. ಯಾಕೆ ನಿಂತಿತ್ತು, ಹೇಗೆ ಮತ್ತೆ ನಡೆಯಿತು, ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.