ತಾಳಿಕೋಟೆ ಬಸ್ಸಿನ ಪಾಠ

ಸರ್‌ಗೆ ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಕತ್ತನ್ನು ಪೂರಾ ಓರೆ ಮಾಡಿ ಬಲಗಿವಿಯನ್ನು ಅವರ ಬಾಯಿಯ ಹತ್ತಿರ ತರುತ್ತಿದ್ದರು. ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹುಬ್ಬು ಗಂಟಿಕ್ಕಿ, ಬಾಯಿ ತುಸು ತೆರೆದು, ನೀವು ಹೇಳುವುದರಲ್ಲಿ ಒಂದು ಅಕ್ಷರ ತಪ್ಪಿದರೂ ನಷ್ಟ ತಮ್ಮದೇ ಎಂಬಂತೆ ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಲಕ್ಷ್ಯಗೊಟ್ಟು ಕೇಳಿದ ಗಂಡಸು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಸಿಕ್ಕಿಲ್ಲ. ನನ್ನ ಗಂಡ ಇದನ್ನು ಓದಿದರೆ ಓದಲಿ.

ಮುದ್ದೇಬಿಹಾಳದಲ್ಲಿ ನಾನು ಬಿ.ಎ. ಓದುವಾಗ ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ದಿನಾ ಬಸವನ ಬಾಗೇವಾಡಿಯಿಂದ ಬಂದು ಹೋಗುವವರು. ಅತಿಥಿ ಉಪನ್ಯಾಸಕರು, ಅಂದರೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ದೇವರಿಗೂ ಗೊತ್ತಿಲ್ಲ. ತಮ್ಮ ಡಿಗ್ರಿಯ ಕಾಲದಲ್ಲಿ ಅವರು ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊತ್ತವರು. ‘ನಾ ಮೂರು ವರ್ಷ ಹಾಜರಿ ಹಾಕಿಸ್ಕೊಂಡೇನಿ, ಕಾಲೇಜ್ ಕಂಡಿಲ್ಲವ್ವ’ ಎನ್ನುತ್ತಿದ್ದರು. ಅದಕ್ಕೇ ನಮಗೆ ದಿನಾ ಒಂದೇ ಮಾತು: ‘ಸಿಕ್ಕಷ್ಟು ಉಂಡುಬಿಡ್ರಿ. ಇಲ್ಲಿ ಎರಡನೇ ಪಂಕ್ತಿ ಇಲ್ಲ.’

ನಾವೋ, ಮೊದಲನೇ ಪಂಕ್ತಿಯಿಂದಲೇ ಅರ್ಧಕ್ಕೆ ಎದ್ದು ಹೋಗುವವರು. ತಾಳಿಕೋಟೆ ದಾರಿಯ ಹಳ್ಳಿಗಳ ಹುಡುಗಿಯರನ್ನು ಕಾಲೇಜಿಗೆ ಕಳಿಸುವಾಗ ಮನೆಗಳಲ್ಲಿ ಒಂದೇ ಕರಾರು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರಬೇಕು. ಅದರ ನಂತರದ ಬಸ್ಸು ಸಂಜೆಗೆ. ಸಂಜೆಯ ಬಸ್ಸಿನಿಂದ ಇಳಿದ ಹುಡುಗಿಯ ಬಗ್ಗೆ ಊರು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತದೆ. ಸರ್ ಪಿರಿಯಡ್ಡು ಕೊನೆಯದು. ಅಷ್ಟರಲ್ಲಿ ನಾವು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದೆವು. ನಮ್ಮ ಹಿಂದೆ ಹುಡುಗರೂ ಬರುತ್ತಿದ್ದರು. ಅವರಿಗೆ ಯಾವ ಕರಾರೂ ಇರಲಿಲ್ಲ, ಬರೀ ಸೋಮಾರಿತನ.

ಕೆಲವು ವಾರ ಸರ್ ಖಾಲಿ ಬೆಂಚು ನೋಡಿದರು. ಬೈಯಲಿಲ್ಲ. ಒಂದು ದಿನ ನಮ್ಮ ಬಸ್ಸು ಹೊರಡುವಾಗ ಹಿಂದಿನ ಬಾಗಿಲಿನಿಂದ ಹತ್ತಿ, ಸಂದಿ ಮಾಡಿಕೊಂಡು ಮುಂದೆ ಬಂದು, ಕಂಬಿಗೆ ಮೊಣಕೈ ಸಿಕ್ಕಿಸಿ ನಿಂತರು. ‘ಹೂಂ, ಎಲ್ಲಿಗೆ ಬಿಟ್ಟಿದ್ವಿ?’ ಎಂದು ಪಾಠ ಶುರು ಮಾಡಿಯೇ ಬಿಟ್ಟರು. ನಾವು ನಾಚಿ ಸತ್ತೆವು. ಫ್ರಾನ್ಸಿನ ರಾಜನ ಕಥೆ ನಡೆದಿತ್ತು. ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯೊಬ್ಬಳು ನಡುವೆ ಬಾಯಿ ಹಾಕಿ, ‘ಖರೇನ ಅವನ ತಲೀ ತಗದ್ರೇನ್ರಿ ಮಾಸ್ತರ?’ ಎಂದಳು. ‘ಖರೇನವ್ವ’ ಎಂದರು ಸರ್. ‘ಅವನ ಹೇಣ್ತೀದು?’ ‘ಆಕೀದೂ.’ ಮುದುಕಿ ಲೊಚಗುಟ್ಟಿ, ತನ್ನ ಊರು ಬಂದಾಗ ಮನಸ್ಸಿಲ್ಲದ ಮನಸ್ಸಿನಿಂದ ಇಳಿದು ಹೋದಳು.

ಹೀಗೆ ಆ ಬಸ್ಸೇ ನಮ್ಮ ಕಾಲೇಜಾಯಿತು. ಸರ್ ನಮ್ಮೂರಲ್ಲಿ ಇಳಿದು, ಬೇವಿನ ಗಿಡದ ಕೆಳಗೆ ನಿಂತು, ಎದುರಿನಿಂದ ಬರುವ ಗಾಡಿ ಹಿಡಿದು ಹಿಂದಿರುಗುತ್ತಿದ್ದರು. ಬಸ್ಸಿನ ಗದ್ದಲದಲ್ಲಿ ಅವರ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವಳು ನನ್ನ ಗೆಳತಿ. ನಮ್ಮ ಓಣಿಯವಳೇ, ದಿನಾ ನನ್ನ ಪಕ್ಕದಲ್ಲೇ ಕೂರುವವಳು. ನನಗಿಂತ ಜಾಣೆ. ಇದು ವಿನಯಕ್ಕೆ ಹೇಳುವ ಮಾತಲ್ಲ, ಆಕೆಯ ಮಾರ್ಕ್ಸ್ ಕಾರ್ಡೇ ಹಾಗಿತ್ತು. ಆಕೆ ಉತ್ತರ ಹೇಳುವಾಗ ಸರ್ ಎಂದಿನಂತೆ ಬಗ್ಗಿ, ಕಣ್ಣು ಮುಚ್ಚಿ, ಕಿವಿ ಕೊಡುತ್ತಿದ್ದರು.

ಯಾವನೋ ಅದರ ಫೋಟೊ ತೆಗೆದ. ಅದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಕಿವಿ ಕೇಳದ ಮನುಷ್ಯ ಬಗ್ಗಿದ್ದಾನೆ ಎಂದು ಫೋಟೊದಲ್ಲಿ ಬರೆದಿರುತ್ತದೆಯೇ? ಮಾಸ್ತರ ದಿನಾ ಯಾರ ಸಲುವಾಗಿ ಊರತನಕ ಬರುತ್ತಾನೆ ಎಂಬ ಪ್ರಶ್ನೆ ಮೊದಲೇ ಕಟ್ಟೆಯ ಮೇಲೆ ಇತ್ತು, ಈಗ ಉತ್ತರ ಸಿಕ್ಕಿತು. ಆ ಫೋಟೊದಲ್ಲಿ ನನ್ನ ಮೊಣಕೈ ಮಾತ್ರ ಇತ್ತು. ಮೊಣಕೈಗೆ ಯಾರೂ ಹೆಸರು ಇಡಲಿಲ್ಲ, ಅಷ್ಟಕ್ಕೇ ನಾನು ಬಚಾವಾದೆ. ಗೆಳತಿಯ ಕಾಲೇಜು ಮರುದಿನದಿಂದ ಬಂದ್ ಆಯಿತು.

ವಿಷಯ ತಿಳಿದು ಸರ್ ತಮ್ಮ ಹೆಂಡತಿಯನ್ನು ಕರೆದುಕೊಂಡು ಆಕೆಯ ಮನೆಗೆ ಬಂದರು. ದಾರಿ ತೋರಿಸಲು ನಾನೇ ಹೋಗಿದ್ದೆ. ನಮ್ಮ ಕಡೆ ವೈರಿ ಬಂದರೂ ಮೊದಲು ಒಂದು ತಂಬಿಗೆ ನೀರು ಕೊಡುತ್ತಾರೆ. ಅವರಿಗೆ ಕೊಡಲಿಲ್ಲ. ಗೆಳತಿಯ ಅಪ್ಪ ಹೊಸ್ತಿಲಲ್ಲೇ ನಿಂತು ಮಾತಾಡಿದ.

‘ನೀವು ಒಳ್ಳೇವ್ರ ಇರಬಹುದು ಮಾಸ್ತರ. ಊರ ಬಾಯಿಗೆ ನಾ ಏನ್ ಮುಚ್ಚಲಿ?’

‘ನಾ ಇನ್ನ ಬಸ್ ಹತ್ತಂಗಿಲ್ರಿ. ನನ್ನ ಮ್ಯಾಲಿನ ಸಿಟ್ಟಿಗೆ ಆಕೀ ಓದು ಬಿಡಸಬ್ಯಾಡ್ರಿ’ ಎಂದರು ಸರ್.

‘ಬೀಗರಿಗೆ ಮಾತು ಕೊಟ್ಟೇನಿ. ಮುಗೀತು ಹೋಗ್ರಿ.’

ಮುತ್ತೈದೆಯೊಬ್ಬಳು ಮನೆಗೆ ಬಂದು ಹಣೆಗೆ ಕುಂಕುಮ ಹಚ್ಚಿಸಿಕೊಳ್ಳದೆ ತಿರುಗಿ ಹೋದದ್ದನ್ನು ನಾನು ಅವತ್ತೇ ನೋಡಿದ್ದು. ನನ್ನ ಅವ್ವ ಅವರಿಬ್ಬರನ್ನೂ ನಮ್ಮ ಮನೆಗೆ ಕರೆದು ಚಹಾ ಕೊಟ್ಟು, ಕುಂಕುಮ ಹಚ್ಚಿ ಕಳಿಸಿದಳು. ಸರ್ ಚಹಾದ ಕಪ್ಪು ಹಿಡಿದುಕೊಂಡೇ ಕೂತಿದ್ದರು. ಆರಿ ಹೋದದ್ದನ್ನೇ ಕುಡಿದರು.

ಸಿಂದಗಿ ಕಡೆಯ ಹಳ್ಳಿಗೆ ಗೆಳತಿಯ ಮದುವೆಯಾಯಿತು. ಸರ್ ನಮ್ಮ ಬಸ್ಸು ಹತ್ತುವುದನ್ನು ಬಿಟ್ಟರು. ಯಾರ ಯಾರ ಕೈಕಾಲು ಹಿಡಿದರೋ ಗೊತ್ತಿಲ್ಲ, ತಮ್ಮ ಪಿರಿಯಡ್ಡನ್ನು ಬೆಳಗಿನ ಮೊದಲಿಗೆ ಹಾಕಿಸಿಕೊಂಡರು. ಬಾಗೇವಾಡಿಯ ಮೊದಲ ಗಾಡಿಗೆ ಹೊರಟು, ನಾವು ಬರುವಷ್ಟರಲ್ಲಿ ಬೋರ್ಡ್ ಒರೆಸಿ ನಿಂತಿರುತ್ತಿದ್ದರು. ಪಾಠದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಪಂಕ್ತಿಯ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಸರ್ ತಮ್ಮ ಹೆಂಡತಿಯ ಜೊತೆ ಸಿಂದಗಿ ಬಸ್ಸು ಹತ್ತಿ ಗೆಳತಿಯ ಗಂಡನ ಮನೆಗೂ ಹೋಗಿ ಬಂದರು, ಮನೆಯಲ್ಲೇ ಓದಲಿ, ಪರೀಕ್ಷೆಗಷ್ಟೇ ಕಳಿಸಿ ಎಂದು ಕೇಳಲು. ಏನಾಯಿತು ಎಂದು ನಾನು ಕೇಳಿದೆ. ‘ಆಕಿಗೆ ಓದೂದು ಬ್ಯಾಡಂತವ್ವ. ಆಕೀನ ಹಂಗ ಅಂದಾಳಂತ, ಆಕೀ ಗಂಡ ಹೇಳಿದ’ ಎಂದರು. ಬೋರ್ಡಿನ ಕಡೆ ತಿರುಗಿ, ‘ನಾ ಆ ಬಸ್ ಹತ್ತಬಾರದಿತ್ತು’ ಎಂದರು. ಸರ್, ನೀವು ಹತ್ತದಿದ್ದರೆ ನಾವು ಕಲಿಯುತ್ತಿದ್ದುದಾದರೂ ಏನು ಎಂದು ಹೇಳಬೇಕೆನಿಸಿತು.

ನಮ್ಮ ಡಿಗ್ರಿ ಮುಗಿದ ವರ್ಷ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರು, ಸರ್ ಕೆಲಸ ಹೋಯಿತು. ಬಾಗೇವಾಡಿಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ನಾನು ಬಿ.ಎಡ್. ಮುಗಿಸಿ ತಾಳಿಕೋಟೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಲು ಸೇರಿದಾಗ ಪೇಢೆ ತೆಗೆದುಕೊಂಡು ಹೋದೆ. ಆಗಲೇ ಅವರ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆ ವಿಜಯಪುರಕ್ಕೆ ಓಡಾಡುತ್ತಿದ್ದರು. ಪೇಢೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಅವರು ಕೇಳಿದ್ದು ನನ್ನ ಕೆಲಸದ ಬಗ್ಗೆ ಅಲ್ಲ. ‘ಆಕಿ ಹ್ಯಾಂಗ ಅದಾಳ?’ ಎಂದು ಕೇಳಿದರು. ಆರಾಮ ಇದ್ದಾಳೆ ಎಂದೆ. ಮದುವೆಯಾದ ಮೇಲೆ ಆಕೆಯ ಮುಖವನ್ನೂ ನಾನು ಕಂಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ, ವಾರದ ಮೇಲೆ ಅವರ ಹೆಂಡತಿಯನ್ನು ಮಾತಾಡಿಸಲು ಹೋದೆ. ನಾವು ಕೂತಿದ್ದಾಗ ಹೊರಗೆ ಬೈಕಿನ ಸದ್ದಾಯಿತು. ಒಳಗೆ ಬಂದವಳು ನನ್ನ ಗೆಳತಿ. ಎಷ್ಟು ಸೊರಗಿದ್ದಳೆಂದರೆ ದನಿ ಕೇಳಿದ ಮೇಲೆಯೇ ನನಗೆ ಗುರುತು ಸಿಕ್ಕಿತು. ಗಂಡ ಇಂಜಿನ್ ಬಂದ್ ಮಾಡದೆ ಹೊರಗೇ ನಿಂತಿದ್ದ. ಆಕೆ ನನ್ನ ಕಡೆ ಒಮ್ಮೆ ನೋಡಿ, ಸರ್ ಹೆಂಡತಿಯ ಮುಂದೆ ನೆಲದ ಮೇಲೆ ಕೂತಳು.

‘ಅವತ್ತ ನೀವು ನಮ್ಮನಿಗೆ ಬಂದಾಗ ನಾ ಅಡಗಿಮನಿ ಬಾಗಲದ ಹಿಂದ ನಿಂತಿದ್ನಿರಿ’ ಎಂದಳು. ‘ಹೊರಗ ಬಂದ್ರ ನೋಡು ಅಂದಿದ್ರು. ಗಂಡನ ಮನ್ಯಾಗೂ ಓದೂದು ಬ್ಯಾಡ ಅಂತ ನಾ ಅಂದಿಲ್ರಿ. ನನ್ನ ಯಾರೂ ಕೇಳಽ ಇಲ್ಲ.’

ಸರ್ ಹೆಂಡತಿ ಆಕೆಯ ತಲೆಯ ಮೇಲೆ ಕೈಯಿಟ್ಟರು. ‘ನನ್ನಿಂದ ಆಕಿಗೆ ಓದು ಅಂದ್ರ ಹೇಸಿಕಿ ಆತು ಅಂತಿದ್ರವ್ವ. ಹೋಗೂತನಕ ಅದನ್ನಽ ಅಂದ್ರು’ ಎಂದರು.

‘ಹೇಸಿಕಿ ಇಲ್ರಿ. ಆ ಬಸ್ಸಿನ್ಯಾಗ ಕಲ್ತದ್ದು ಬಿಟ್ರ ನನ್ನ ಜೀವನದಾಗ ನನಗಂತ ಯಾವುದೂ ಇಲ್ಲ.’

ಹೊರಗೆ ಹಾರ್ನ್ ಆಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಇನ್ನೊಂದು ಹಾರ್ನ್ ಆಗುವುದರೊಳಗೆ ಚಪ್ಪಲಿ ಮೆಟ್ಟಿ ಹೋಗಿಬಿಟ್ಟಳು. ನನ್ನ ಜೊತೆ ಒಂದು ಮಾತನ್ನೂ ಆಡಲಿಲ್ಲ.

‘ಇದೊಂದು ಮಾತು ಕೇಳಿ ಹೋಗಿದ್ರ...’ ಎಂದು ಸರ್ ಹೆಂಡತಿ ಅರ್ಧಕ್ಕೇ ನಿಲ್ಲಿಸಿದರು. ನಾನು ಅವರ ಕೈ ಹಿಡಿದುಕೊಂಡು ಕೂತೆ.