ನಂಬುವ ಬಾಯಿ, ತೊಳೆಯುವ ಕೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಸೋಮಾರಿ. ಆದರೆ ಅದನ್ನು ಸೋಮಾರಿತನ ಎಂದು ಎಂದೂ ಕರೆದವನಲ್ಲ. ಸಿದ್ಧಾಂತ ಎಂದು ಕರೆದಿದ್ದೇನೆ. ಮನುಷ್ಯನಿಗೆ ರಕ್ಷಣೆ ಸಿಗುವುದು ನಂಬಿಕೆಯಿಂದ, ಪುಣ್ಯಕಾರ್ಯದಿಂದಲ್ಲ ಎಂಬ ನಮ್ಮ ಕ್ರೈಸ್ತ ಸಭೆಯ ಬೋಧನೆ ಕೊಟ್ಟೂರಿನಲ್ಲಿ ನನ್ನಷ್ಟು ಇನ್ನಾರಿಗೂ ಅನುಕೂಲವಾಗಿರಲಿಕ್ಕಿಲ್ಲ. ಬೈಬಲಿನಲ್ಲಿ ಪೌಲ ನಂಬಿಕೆ ಸಾಕು ಎಂದ, ಯಾಕೋಬ ಕೆಲಸವಿಲ್ಲದ ನಂಬಿಕೆ ಸತ್ತದ್ದು ಎಂದು ತಕರಾರು ತೆಗೆದ ಎಂದು ಪಂಡಿತರು ಶತಮಾನಗಟ್ಟಲೆ ಜಗಳಾಡಿದ್ದಾರೆ. ನಾನು ಮಾತ್ರ ಯಾವತ್ತೂ ಪೌಲನ ಪಕ್ಷ. ಯಾಕೋಬನ ಪಕ್ಷ ಸೇರಿದರೆ ಎದ್ದು ಕೆಲಸ ಮಾಡಬೇಕಾಗುತ್ತದೆ ನೋಡಿ.

ನನ್ನ ಹೆಂಡತಿ ಕರುಣಮ್ಮ ನರ್ಸು. ತೊಂಬತ್ತರ ದಶಕದಲ್ಲಿ ನಮ್ಮ ಮನೆ ಹರಪನಹಳ್ಳಿ ರಸ್ತೆಯ ಮೇಲಿತ್ತು. ಮಾಘ ಮಾಸದಲ್ಲಿ ದಾವಣಗೆರೆ ಕಡೆಯಿಂದ ಕೊಟ್ಟೂರಿನ ಗುಡಿಗೆ ಪಾದಯಾತ್ರೆಯವರು ನಡೆದು ಬರುತ್ತಿದ್ದರು. ದಾರಿಯುದ್ದಕ್ಕೂ ಜನ ಅವರಿಗೆ ಮಜ್ಜಿಗೆ, ಮಂಡಕ್ಕಿ ಹಂಚುತ್ತಿದ್ದರು. ಇವಳು ಗೇಟಿನ ಮುಂದೆ ಬೇಸಿನ್ ಇಟ್ಟು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಅವರ ಕಾಲು ತೊಳೆದು, ಗುಳ್ಳೆಗಳಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ.

ಕಾಲು ತೊಳೆಯುವುದು ನಮಗೆ ಹೊಸದಲ್ಲ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಗುಡ್ ಫ್ರೈಡೇ ಹಿಂದಿನ ದಿನ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವ ಪದ್ಧತಿಯಿದೆ. ಹನ್ನೆರಡರಲ್ಲಿ ನಾನೊಬ್ಬ ಖಾಯಂ. ಆ ದಿನ ಮನೆಯಲ್ಲೇ ಕಲ್ಲಿನಿಂದ ಹಿಮ್ಮಡಿ ತಿಕ್ಕಿ, ಎರಡು ಸಲ ಸೋಪು ಹಚ್ಚಿ, ಉಗುರು ಕತ್ತರಿಸಿಕೊಂಡು ಹೋಗುತ್ತೇನೆ. ಉಳಿದ ಹನ್ನೊಂದು ಜನರೂ ಹಾಗೆಯೇ ಮಾಡುತ್ತಾರೆ. ಕೊಳೆಯಿರುವ ಕಾಲನ್ನು ತೊಳೆಯಲು ಕೊಡುವುದಕ್ಕೆ ನಮಗೆ ನಾಚಿಕೆ.

ಒಂದು ವರ್ಷ ಹೊಸದಾಗಿ ಬಂದಿದ್ದ ಪಾದ್ರಿಗಳಿಗೆ ಕರುಣಮ್ಮನ ಬೇಸಿನ್ನಿನ ಸುದ್ದಿ ಮುಟ್ಟಿತು. ಬೇರೆ ದೇವರ ಯಾತ್ರೆಗೆ ನೆರವಾಗುವುದು ತಪ್ಪು, ಪುಣ್ಯಕಾರ್ಯದಿಂದ ಸ್ವರ್ಗ ಕೊಳ್ಳುವ ಆಸೆ ಅದಕ್ಕಿಂತ ದೊಡ್ಡ ತಪ್ಪು ಎಂದರು. ನಿಲ್ಲಿಸದಿದ್ದರೆ ಬರುವ ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದಲ್ಲಿ ಅವಳಿಗೆ ಪಾಲಿಲ್ಲ. ಸಭೆಯ ಹಿರಿಯನಾದ ನಾನೇ ಇದನ್ನು ಅವಳಿಗೆ ತಿಳಿಸಬೇಕಂತೆ.

ತಿಳಿಸಿದೆ. ಆಗ ಅವಳ ಕೈಯಲ್ಲಿ ಹರಪನಹಳ್ಳಿ ಕಡೆಯ ಮುದುಕಿಯೊಬ್ಬಳ ಪಾದವಿತ್ತು. ಕರುಣಮ್ಮನ ಕಣ್ಣು ತುಂಬಿ ಬಂತು. ಮದುವೆಗೆ ಮುಂಚಿನಿಂದಲೂ ಒಮ್ಮೆಯೂ ಆ ರೊಟ್ಟಿ ತಪ್ಪಿಸಿದವಳಲ್ಲ ಅವಳು.

“ಸ್ವರ್ಗ ಕೊಳ್ಳಾಕ ಇಲ್ಲಿ ಯಾರು ಕುಂತಾರ್ರಿ? ಯೇಸುಸ್ವಾಮಿ ಅದನ್ನ ಪುಕ್ಕಟೆ ಕೊಟ್ಟಾನ ಅಂತ ನಂಬೀನಿ. ನಾ ಗಳಿಸೋದು ಏನೂ ಉಳಿದಿಲ್ಲ. ಅದಕ್ಕ ಕೈ ಖಾಲಿ ಅದಾವ, ತೊಳೀತೀನಿ. ರೊಟ್ಟಿ ಕೊಡದಿದ್ರ ಅಳ್ತೀನಿ. ಆದ್ರ ಇದನ್ನ ಬಿಡಾಂಗಿಲ್ಲ.”

ಮುದುಕಿ ಗಾಬರಿಯಾಗಿ ಕಾಲು ಎಳೆದುಕೊಂಡಳು. “ನನ್ನ ಸಲುವಾಗಿ ಜಗಳ ಬ್ಯಾಡ್ರವ್ವಾ.”

“ಸುಮ್ನ ಕುಂದ್ರಬೇ, ಇನ್ನೊಂದು ಕಾಲು ಐತಿ,” ಎಂದು ಕರುಣಮ್ಮ ಗದರಿದಳು.

ಮೂವತ್ತು ವರ್ಷ ವಾದಿಸಿ ಗೆದ್ದ ಸಿದ್ಧಾಂತ ನನಗೆ ಅರ್ಥವಾದದ್ದು ಆವತ್ತೇ. ಅವಳೂ ನಾನೂ ನಂಬಿದ್ದು ಒಂದನ್ನೇ. ಅದನ್ನು ನಂಬಿ ಅವಳು ನೀರಿಗೆ ಕೈ ಹಾಕಿದ್ದಳು, ನಾನು ಕಾಲು ಚಾಚಿ ಕೂತಿದ್ದೆ. ತುಂಬಾ ನಾಚಿಕೆಯಾಯಿತು.

ಭಾನುವಾರ ರೊಟ್ಟಿಯ ತಟ್ಟೆ ಅವಳನ್ನು ದಾಟಿ ನನ್ನೆದುರು ಬಂದಾಗ ನಾನು ಕೈ ಚಾಚಲಿಲ್ಲ. “ಆಕಿಗೆ ಇಲ್ಲದ್ದು ನನಗೂ ಬ್ಯಾಡ್ರಿ. ಆಕಿ ನಂಬಿಕಿ ನನ್ನದಕ್ಕಿಂತ ಗಟ್ಟಿ ಐತಿ. ನಾ ದಿನಾ ನೋಡೀನಿ,” ಎಂದೆ. ವಾದಕ್ಕೆ ಬೈಬಲಿನ ಒಂದು ವಚನವೂ ನೆನಪಾಗಲಿಲ್ಲ. ಪಾದ್ರಿಗಳು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ರೊಟ್ಟಿ ಕೊಟ್ಟರು.

ಮನೆಗೆ ಬರುವಾಗ ನನ್ನ ಎದೆ ಉಬ್ಬಿತ್ತು. ಜನ್ಮದಲ್ಲಿ ಮಾಡಿದ್ದು ಒಂದೇ ಒಂದು ಒಳ್ಳೆಯ ಕೆಲಸ. ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಅದರ ಪ್ರತಿಫಲವನ್ನು ಯೋಚಿಸತೊಡಗಿದ್ದೆ.

“ಇವತ್ತು ನನಗ ಸ್ವರ್ಗ ಪಕ್ಕಾ ಆತು ನೋಡು,” ಎಂದೆ.

ಕರುಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ಅದು ಮೊದಲ ಸಿಕ್ಕೈತಿ ಅಂತ ನೀವ ಹೇಳ್ತಿದ್ರಲ್ರಿ! ಈಗ ಸುಮ್ನ ನೀರು ಕಾಸ್ರಿ. ಜನ ಬರೋ ಹೊತ್ತಾತು.”